ಲೆಕ್ಕದ ಪುಸ್ತಕ ಯಾರ ಕೈಯಲ್ಲಿ?

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಸಂತೆಯೂರಿನಲ್ಲಿ ಸುತ್ತಮುತ್ತಲ ಹಳ್ಳಿಗಳ ರೈತರು ಸಾಹುಕಾರರ ಮನೆ, ಅಂಗಡಿಗಳಿಗೆ ನುಗ್ಗಿದರು. ಮುಂದೆ ಪುಣೆ, ಅಹಮದ್‌ನಗರ ಜಿಲ್ಲೆಗಳ ಅನೇಕ ಹಳ್ಳಿಗಳಿಗೆ ಹಬ್ಬಿದ ಈ ಗಲಭೆಗೆ ಇತಿಹಾಸದಲ್ಲಿ ದಖ್ಖನ್ ದಂಗೆ ಎಂದು ಹೆಸರು. ಸರ್ಕಾರ ನೇಮಿಸಿದ ಆಯೋಗ ಕಾರಣಗಳನ್ನು ಹುಡುಕುತ್ತ ಹೋದಾಗ ಅದಕ್ಕೆ ಕಂಡ ಮುಖ್ಯ ಸಂಗತಿಯೆಂದರೆ, ಗುಂಪಿನ ಕಣ್ಣು ಇದ್ದದ್ದು ಕಾಗದದ ಮೇಲೆ. ಸಾಲಪತ್ರ, ಕೋರ್ಟಿನ ಡಿಕ್ರಿಗಳನ್ನು ರೈತರು ಕೇಳಿ ಪಡೆದು ಸುಟ್ಟರು. ಕೇಳಿದೊಡನೆ ಕೊಟ್ಟವರ ಮೈಮೇಲೆ ಕೈಮಾಡಿದ್ದು ಕಡಿಮೆ, ಕೊಡುವುದಿಲ್ಲ ಎಂದವರಿಗೆ ಪೆಟ್ಟು ಬಿತ್ತು. ಬಡ್ಡಿ ಹೆಚ್ಚಾಯಿತೆಂದು ಎದ್ದ ದಂಗೆ ಎಂದು ಇದನ್ನು ಸಾಮಾನ್ಯವಾಗಿ ವಿವರಿಸುತ್ತಾರೆ. ಬಡ್ಡಿ ಹೆಚ್ಚಿದ್ದದ್ದು ನಿಜವೇ. ಆದರೆ ಹೆಚ್ಚಿನ ಬಡ್ಡಿ ದಖ್ಖನ್ನಿಗೆ ಹೊಸತಾಗಿರಲಿಲ್ಲ. ತಾನು ಓದಲಾರದ, ತನ್ನ ಬಳಿ ನಕಲೂ ಇಲ್ಲದ ಒಂದು ಕಾಗದ ದೂರದ ಕೋರ್ಟಿನಲ್ಲಿ ತನ್ನ ಹೊಲವನ್ನು ಹರಾಜಿಗೆ ಹಾಕಿಸಬಲ್ಲದು ಎಂಬುದು ಮಾತ್ರ ಹೊಸತು. ಹಣಕಾಸಿನ ಗ್ರಾಹಕರ ರಕ್ಷಣೆ ಎಂದು ನಾವು ಇವತ್ತು ಕರೆಯುವ ವಿಷಯದ ಚರಿತ್ರೆಯನ್ನು ಬಡ್ಡಿಯ ದರದಿಂದಲ್ಲ, ಈ ಕಾಗದದಿಂದ ಓದಬೇಕು ಎನ್ನುವುದು ನನ್ನ ವಾದ. ಲೆಕ್ಕ ಬರೆಯುವವರು ಯಾರು, ನಕಲು ಯಾರ ಬಳಿ ಇರುತ್ತದೆ, ತಕರಾರು ಬಂದಾಗ ರುಜುವಾತು ಕೊಡಬೇಕಾದವರು ಯಾರು? ಈ ಮೂರನ್ನು ಬದಲಾಯಿಸಿದ ಕಾನೂನುಗಳು ಎಷ್ಟೋ ಕೆಲಸ ಮಾಡಿವೆ. ಇವನ್ನು ಮುಟ್ಟದೆ ದರಕ್ಕೆ ಮಿತಿ ಹಾಕಿದ, ಇಲ್ಲವೇ ಜನರಿಗೆ ಎಚ್ಚರಿಕೆ ಹೇಳಿದ ಕ್ರಮಗಳು ಬಹುಮಟ್ಟಿಗೆ ಕಾಗದದಲ್ಲೇ ಉಳಿದಿವೆ.

ಕಾಗದಕ್ಕೆ ಅಷ್ಟು ಬಲ ಬಂದದ್ದು ಹೇಗೆಂದು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. 1859ರ ಕಾಲಮಿತಿ ಕಾಯ್ದೆ ಸಾಲಗಾರನ ಒಳಿತಿಗೆಂದೇ ಬಂದದ್ದು. ಸಾಲಪತ್ರದ ಆಯುಸ್ಸು ಮೂರು ವರ್ಷ, ಅದರೊಳಗೆ ದಾವೆ ಹೂಡದಿದ್ದರೆ ಪತ್ರ ಸತ್ತಂತೆ. ಸಾಹುಕಾರ ಇದಕ್ಕೆ ಸುಲಭದ ಉಪಾಯ ಕಂಡುಕೊಂಡ. ಮೂರು ವರ್ಷ ತುಂಬುವ ಮುಂಚೆ ಅಸಲು ಬಡ್ಡಿ ಕೂಡಿಸಿ ಅದನ್ನೇ ಹೊಸ ಅಸಲೆಂದು ಹೊಸ ಪತ್ರ ಬರೆಸಿಕೊಂಡ. ಬಡ್ಡಿ ಅಸಲನ್ನು ಮೀರಬಾರದು ಎಂಬ ದಾಮದುಪ್ಪಟ್ಟಿನ ಹಳೆಯ ನಿಯಮ ಮುಂಬೈ ಪ್ರಾಂತದ ಕೋರ್ಟುಗಳಲ್ಲಿ ಜೀವಂತವಾಗಿತ್ತು, ಆದರೆ ಬಡ್ಡಿಯೇ ಅಸಲಾಗಿ ಹುಟ್ಟಿ ಬಂದಾಗ ಆ ನಿಯಮ ಹಿಡಿಯುವುದು ಯಾವುದನ್ನು? ಇದರ ಮೇಲೆ ಹತ್ತಿಯ ಏರಿಳಿತ ಬೇರೆ. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತು, ದಖ್ಖನ್ನಿನಲ್ಲೂ ನಮ್ಮ ಧಾರವಾಡ ಸೀಮೆಯಲ್ಲೂ ಬೆಲೆ ಗಗನಕ್ಕೇರಿತು. ಸಾಲ ಕೇಳುವ ಮೊದಲೇ ಸಿಕ್ಕಿತು. ಯುದ್ಧ ಮುಗಿದು ಬೆಲೆ ಕುಸಿದಾಗ ಹಣ ಹಿಂದಕ್ಕೆ ಹೋಯಿತು, ಪತ್ರಗಳು ಉಳಿದವು. ಕೋರ್ಟಿನ ಸಮನ್ಸು ಬಂದಾಗ ಬಹಳ ರೈತರು ಹಾಜರಾಗಲೇ ಇಲ್ಲ. ಹೋಗಿ ಹೇಳುವುದಾದರೂ ಏನು, ಹೆಬ್ಬೆಟ್ಟು ತನ್ನದೇ. ಏಕಪಕ್ಷೀಯ ಡಿಕ್ರಿಗಳು ಹೀಗೆ ರಾಶಿ ಬಿದ್ದವು.

ನಾಲ್ಕು ವರ್ಷಗಳ ನಂತರ ಬಂದ 1879ರ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆಯನ್ನು ಇವತ್ತಿನ ಗ್ರಾಹಕ ರಕ್ಷಣೆಯ ಅಜ್ಜ ಎನ್ನಬಹುದು. ಮೊದಲಿಗೆ ಪುಣೆ, ಸಾತಾರಾ, ಸೊಲ್ಲಾಪುರ, ಅಹಮದ್‌ನಗರ ಈ ನಾಲ್ಕು ಜಿಲ್ಲೆಗಳಿಗೆ ಸೀಮಿತವಾಗಿದ್ದ ಅದು ಮೂರು ಕೆಲಸ ಮಾಡಿತು, ಮೂರೂ ಕಾಗದಕ್ಕೇ ಸಂಬಂಧಿಸಿದವು. ಸಾಲಗಾರ ಒಪ್ಪಿಕೊಂಡಿದ್ದಾನೆ ಎಂಬ ಒಂದೇ ಮಾತಿಗೆ ನ್ಯಾಯಾಧೀಶ ಡಿಕ್ರಿ ಕೊಡುವಂತಿಲ್ಲ. ಪತ್ರದ ಹಿಂದೆ ಹೋಗಿ ವ್ಯವಹಾರ ಶುರುವಾದ ದಿನದಿಂದ ಲೆಕ್ಕ ಕೆದಕಬೇಕು, ಎಷ್ಟು ಕೈಗೆ ಬಂತು, ಎಷ್ಟು ತೀರಿತು ಎಂದು ತಾನೇ ಬಿಡಿಸಿ ನೋಡಬೇಕು. ಎರಡನೆಯದಾಗಿ, ಕೃಷಿಕ ಬರೆದುಕೊಡುವ ಪತ್ರ ಗ್ರಾಮದ ನೋಂದಣಿ ಅಧಿಕಾರಿಯ ಎದುರೇ ಆಗಬೇಕು. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ: ಹಣ ಕಟ್ಟಿದಾಗ ರಸೀದಿ, ವರ್ಷಕ್ಕೊಮ್ಮೆ ಲೆಕ್ಕದ ತಃಖ್ತೆ, ಬೇಕೆಂದರೆ ಪಾಸ್‌ಬುಕ್ಕು, ಇಷ್ಟನ್ನು ಕೇಳಿ ಪಡೆಯುವ ಹಕ್ಕು ಸಾಲಗಾರನಿಗೆ ಬಂತು. ಕೊಡದ ಸಾಹುಕಾರನಿಗೆ ದಂಡ. ಅಲ್ಲಿಯವರೆಗೆ ಸಾಹುಕಾರನ ಕಿರ್ದಿ ಖಾತೆ ಸಾಹುಕಾರನ ಗೋಡೆಯೊಳಗಿನ ಸಂಗತಿಯಾಗಿತ್ತು. ಅದರ ಪ್ರತಿಬಿಂಬವೊಂದು ರೈತನ ಮನೆಯ ಪೆಟ್ಟಿಗೆಯಲ್ಲೂ ಇರಬೇಕು ಎಂದು ಸರ್ಕಾರ ಹೇಳಿದ್ದು ಸಣ್ಣ ಮಾತಲ್ಲ. ಇದಕ್ಕೂ ಏಳು ವರ್ಷ ಹಿಂದೆ ಬಂದಿದ್ದ 1872ರ ಸಾಕ್ಷ್ಯ ಕಾಯ್ದೆಯ 34ನೆಯ ಕಲಮಿನ ಅರ್ಥವೂ ಇದೇ ದಿಕ್ಕಿನದು. ಕ್ರಮವಾಗಿ ಇಟ್ಟ ಲೆಕ್ಕದ ಪುಸ್ತಕ ಸಾಕ್ಷ್ಯಕ್ಕೆ ಬರುತ್ತದೆ, ಆದರೆ ಅದೊಂದನ್ನೇ ನಂಬಿ ಯಾರ ಮೇಲೂ ಹೊಣೆ ಹೊರಿಸುವಂತಿಲ್ಲ. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಆ ಮಾತು ಉಳಿದಿದೆ.

ಈ ಕಾಯ್ದೆಯನ್ನು ಅಂದು ಟೀಕಿಸಿದವರು ಕಡಿಮೆಯಿರಲಿಲ್ಲ. ಸಾಲಗಾರನನ್ನು ಇಷ್ಟು ಕಾಪಾಡಿದರೆ ಸಾಲ ಕೊಡುವವರೇ ಇರುವುದಿಲ್ಲ ಎಂಬುದು ಅವರ ಮುಖ್ಯ ಆಕ್ಷೇಪ, ಇವತ್ತಿನ ಸಾಲದ ಆ್ಯಪುಗಳ ಪರವಾಗಿ ಕೇಳಿಬರುವುದೂ ಅದೇ. ಆಕ್ಷೇಪದಲ್ಲಿ ಹುರುಳಿದೆ. ಕಾಯ್ದೆ ಬಂದ ಮೇಲೆ ಸಾಹುಕಾರರು ಕೈ ಬಿಗಿಹಿಡಿದರು, ಅಡಮಾನ ಪತ್ರ ಬಿಟ್ಟು ಕ್ರಯಪತ್ರಕ್ಕೆ ಬಂದರು. ಮೇಲ್ನೋಟಕ್ಕೆ ಹೊಲದ ಮಾರಾಟ, ಒಳಗೆ ಸಾಲ, ತೀರಿಸಿದರೆ ವಾಪಸು ಕೊಡುತ್ತೇನೆಂಬ ಬಾಯಿಮಾತು. ತೀರಿಸಲಾಗದ ರೈತ ಮೊದಲು ಹರಾಜಿನಲ್ಲಿ ಕಳೆದುಕೊಳ್ಳುತ್ತಿದ್ದ ಹೊಲವನ್ನು ಈಗ ಹರಾಜಿಲ್ಲದೆಯೇ ಕಳೆದುಕೊಂಡ. ಮುಂದೆ ಕಾಯ್ದೆಗೆ ತಿದ್ದುಪಡಿ ತಂದು, ಕ್ರಯಪತ್ರದ ಹಿಂದಿರುವುದು ಸಾಲವೇ ಎಂದು ತೋರಿಸಲು ಬಾಯಿಸಾಕ್ಷ್ಯಕ್ಕೂ ಅವಕಾಶ ಕೊಡಬೇಕಾಯಿತು. ಆದರೆ ಇಲ್ಲಿಂದ ಎಳೆಯಬೇಕಾದ ತೀರ್ಮಾನ ರಕ್ಷಣೆ ಬೇಡ ಎಂಬುದಲ್ಲ. ಪಾರದರ್ಶಕ ಲೆಕ್ಕ ಇಡಬೇಕಾಗಿ ಬಂದೊಡನೆ ನಿಂತುಹೋಗುವ ಸಾಲದ ಲಾಭ ಎಲ್ಲಿಂದ ಬರುತ್ತಿತ್ತು ಎಂದು ಕೇಳಬೇಕು. ಅಷ್ಟೇ ಅಲ್ಲ, ನಿಂತುಹೋದ ಸಾಲದ ಜಾಗದಲ್ಲಿ ಬೇರೊಂದು ಸಾಲದ ವ್ಯವಸ್ಥೆ ಕಟ್ಟದೆ ಬರೀ ಕಾನೂನು ಮಾಡಿದರೆ ಏನಾಗುತ್ತದೆ ಎನ್ನುವುದೂ ಇಲ್ಲಿ ಕಾಣುತ್ತದೆ.

ಆ ಬೇರೊಂದು ವ್ಯವಸ್ಥೆ ನಮ್ಮ ನಾಡಿನಲ್ಲೇ ಮೊಳೆಯಿತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷ, 1905ರ ಮೇ 8ರಂದು, ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾಯಿತು. ಇದನ್ನು ಸ್ವಾವಲಂಬನೆಯ ಕಥೆಯಾಗಿ ಹೇಳುವುದು ರೂಢಿ. ನನ್ನ ಕಣ್ಣಿಗೆ ಇದು ಲೆಕ್ಕದ ಪುಸ್ತಕದ ಕಥೆಯೂ ಹೌದು. ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ, ಸಂಘ ಮುಳುಗಿದರೆ ಪ್ರತಿಯೊಬ್ಬನ ಆಸ್ತಿಗೂ ಕುತ್ತು. ಹೀಗಾಗಿ ಯಾರಿಗೆ ಎಷ್ಟು ಸಾಲ ಹೋಯಿತು, ಬೀಜಕ್ಕೆಂದು ಪಡೆದದ್ದು ಮದುವೆಗೆ ಖರ್ಚಾಯಿತೇ ಎಂದು ನೋಡುವ ಸ್ವಾರ್ಥ ಪ್ರತಿಯೊಬ್ಬನಿಗೂ ಇತ್ತು. ಮೇಲೆ, ವರ್ಷಕ್ಕೊಮ್ಮೆಯಾದರೂ ನಿಬಂಧಕರಿಂದ ಲೆಕ್ಕ ತಪಾಸಣೆ ಆಗಲೇಬೇಕೆಂದು ಕಾಯ್ದೆಯೇ ವಿಧಿಸಿತ್ತು. ಕರಾವಳಿಯಲ್ಲಿ 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿಗೆ ಅಡಿಗಲ್ಲು ಹಾಕಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಾಗ ಏಜೆಂಟನೇ ದಿನವೂ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಹೋಗುತ್ತಿದ್ದ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಳುಕುವ ಮೀನಿನ ವ್ಯಾಪಾರದ ಹೆಂಗಸಿಗೂ ತನ್ನ ದುಡ್ಡಿನ ಲೆಕ್ಕ ಕೇಳಲು ಎದುರಿಗೊಬ್ಬ ಮನುಷ್ಯ ಇದ್ದ, ಮರುದಿನವೂ ಅವನೇ ಬರಬೇಕಿತ್ತು. ವಂಚನೆ ಆಗ ಇರಲಿಲ್ಲವೆಂದಲ್ಲ. ವಂಚಿಸಿದವನ ಮನೆ ಯಾವ ಕೇರಿಯಲ್ಲಿದೆ ಎಂದು ಗೊತ್ತಿತ್ತು.

ಪುಸ್ತಕದ ನಕಲು ಕೈಯಲ್ಲಿದ್ದರೂ ಸಾಕಾಗದ ಸಂದರ್ಭವೊಂದಿದೆ, ಬ್ಯಾಂಕೇ ದಿವಾಳಿಯಾಗುವುದು. ಪಾಸ್‌ಬುಕ್ಕಿನಲ್ಲಿ ಬರೆದ ಅಂಕಿ ಸರಿಯಾಗಿಯೇ ಇರುತ್ತದೆ, ತಿಜೋರಿ ಖಾಲಿ. 1906ರಲ್ಲಿ ಮದರಾಸಿನ ಅರ್ಬತ್‌ನಾಟ್ ಕಂಪನಿ, 1938ರಲ್ಲಿ ತಿರುವಾಂಕೂರು ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕ್, 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಬಿದ್ದವು. ಕೊನೆಯದರ ಹೊಡೆತಕ್ಕೆ ಸಂಸತ್ತು ಎಚ್ಚೆತ್ತು ಠೇವಣಿ ವಿಮೆಯ ಕಾಯ್ದೆ ಮಾಡಿತು, 1962ರ ಜನವರಿ 1ರಿಂದ ಪ್ರತಿ ಠೇವಣಿದಾರನಿಗೆ 1,500 ರೂಪಾಯಿಯವರೆಗೆ ಖಾತರಿ ಸಿಕ್ಕಿತು. ಇಲ್ಲಿ ಗಮನಿಸಬೇಕಾದ್ದು ಮೊತ್ತವನ್ನಲ್ಲ. ಬ್ಯಾಂಕನ್ನು ನೋಡಿ ಆರಿಸಿಕೊಳ್ಳುವುದು ಗ್ರಾಹಕನ ಜವಾಬ್ದಾರಿ, ತಪ್ಪು ಬ್ಯಾಂಕಿನಲ್ಲಿ ಇಟ್ಟರೆ ಅನುಭವಿಸಲಿ ಎಂಬ ಮಾತನ್ನು ಕಾನೂನು ಕೈಬಿಟ್ಟಿತು. ಬ್ಯಾಂಕಿನ ಆಯವ್ಯಯ ಪಟ್ಟಿಯನ್ನು ಸಾಮಾನ್ಯ ಠೇವಣಿದಾರ ಓದಿ ಅರ್ಥಮಾಡಿಕೊಳ್ಳಲಾರ ಎಂದು ಒಪ್ಪಿಕೊಂಡು, ಪ್ರೀಮಿಯಮ್ಮನ್ನು ಬ್ಯಾಂಕಿನ ತಲೆಗೇ ಕಟ್ಟಿತು. 1993ರಲ್ಲಿ ಒಂದು ಲಕ್ಷಕ್ಕೇರಿದ ಈ ಮಿತಿ ಇಪ್ಪತ್ತೇಳು ವರ್ಷ ಅಲ್ಲೇ ಕೂತಿತ್ತು. 2019ರಲ್ಲಿ ಮುಂಬೈಯ ಪಿಎಂಸಿ ಬ್ಯಾಂಕ್ ಕುಸಿದು, 2020ರ ಜನವರಿಯಲ್ಲಿ ಬೆಂಗಳೂರು ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಗ್ರಾಹಕರಿಗೆ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂಬ ನಿರ್ಬಂಧ ಬಿದ್ದ ಮೇಲೆ, ಅದೇ ಫೆಬ್ರವರಿಯಲ್ಲಿ ಮಿತಿ ಐದು ಲಕ್ಷವಾಯಿತು. ಒಬ್ಬರನ್ನೊಬ್ಬರು ಬಲ್ಲ ಕಣಗಿನಹಾಳದ ಮಾದರಿ, ಸದಸ್ಯರು ಸಾವಿರಗಟ್ಟಲೆಯಾದ ನಗರದ ಬ್ಯಾಂಕಿನಲ್ಲಿ ಬರೀ ಹೆಸರಿಗಷ್ಟೇ ಸಹಕಾರ ಎಂಬುದು ನಿವೃತ್ತಿಯ ಹಣವಿಟ್ಟ ಹಿರಿಯರಿಗೆ ಆಗ ಅರ್ಥವಾಯಿತು.

ಈಗ ಡಿಜಿಟಲ್ ಕಾಲಕ್ಕೆ ಬರೋಣ. ಮೇಲ್ನೋಟಕ್ಕೆ 1879ರ ಕಾಯ್ದೆ ಬಯಸಿದ್ದೆಲ್ಲ ಈಗ ಬೇಡದೆಯೂ ಸಿಗುತ್ತಿದೆ. 2016ರಲ್ಲಿ ಯುಪಿಐ ಬಂದ ಮೇಲಂತೂ ಹತ್ತು ರೂಪಾಯಿಯ ಚಹಾಕ್ಕೂ ದಿನಾಂಕ, ಸಮಯ, ಸಂಖ್ಯೆಸಹಿತ ದಾಖಲೆ ಇದೆ. ಸಾಹುಕಾರನ ಕಿರ್ದಿಗೆ ಹೋಲಿಸಿದರೆ ಇದಕ್ಕಿಂತ ಪಾರದರ್ಶಕವಾದದ್ದು ಇನ್ನೇನಿದೆ ಎಂದು ಕೇಳುವವರಿದ್ದಾರೆ. ಅವರ ಮಾತು ಅರ್ಧ ಸರಿ. ಹಣ ಹೋಯಿತು ಎಂಬ ದಾಖಲೆ ಗ್ರಾಹಕನ ಬಳಿ ಇದೆ. ಹೇಗೆ ಹೋಯಿತು, ಯಾವ ಸಾಧನದಿಂದ ಆದೇಶ ಬಂತು, ಎಲ್ಲಿಂದ ಬಂತು, ಅನುಮಾನದ ಗಂಟೆ ಬ್ಯಾಂಕಿನ ವ್ಯವಸ್ಥೆಯಲ್ಲಿ ಬಾರಿಸಿತೇ, ಬಾರಿಸಿದರೆ ಯಾರು ಕಿವಿಗೊಡಲಿಲ್ಲ ಎಂಬ ದಾಖಲೆ ಮಾತ್ರ ಬ್ಯಾಂಕಿನ ಸರ್ವರಿನಲ್ಲಿ. ತಕರಾರಿನಲ್ಲಿ ತೀರ್ಪು ನಿಲ್ಲುವುದು ಈ ಎರಡನೆಯ ದಾಖಲೆಯ ಮೇಲೆ. 1891ರ ಬ್ಯಾಂಕರುಗಳ ಪುಸ್ತಕ ಸಾಕ್ಷ್ಯ ಕಾಯ್ದೆ ಬ್ಯಾಂಕಿನ ಮೂಲ ಲೆಡ್ಜರನ್ನು ಕೋರ್ಟಿಗೆ ಹೊತ್ತು ತರುವ ಕಷ್ಟ ತಪ್ಪಿಸಿ, ದೃಢೀಕರಿಸಿದ ನಕಲು ಸಾಕೆಂದಿತು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮೂಲಕ ಆ ಸೌಲಭ್ಯ ಕಂಪ್ಯೂಟರಿನ ಮುದ್ರಿತ ಪ್ರತಿಗೂ ವಿಸ್ತರಿಸಿತು. ಅನುಕೂಲದ ದೃಷ್ಟಿಯಿಂದ ಅದು ಅನಿವಾರ್ಯವೇ ಆಗಿತ್ತು. ಆದರೆ ಪ್ರತಿಗೆ ಪ್ರಮಾಣಪತ್ರ ಕೊಡುವವರು ಬ್ಯಾಂಕಿನ ಮ್ಯಾನೇಜರು ಮತ್ತು ಬ್ಯಾಂಕಿನ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವವರು. ಪುಸ್ತಕ ಮತ್ತೆ ಒಂದೇ ಕಡೆಯವರ ಕೈಗೆ ಬಂತು.

ಹೆಬ್ಬೆಟ್ಟಿನ ಪಾಡು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. 1858ರಲ್ಲಿ ಬಂಗಾಳದ ಅಧಿಕಾರಿ ವಿಲಿಯಂ ಹರ್ಷೆಲ್ ಒಂದು ಗುತ್ತಿಗೆ ಕರಾರಿನ ಮೇಲೆ ಗುತ್ತಿಗೆದಾರನ ಅಂಗೈಯ ಅಚ್ಚು ತೆಗೆಸಿಕೊಂಡ. ನಾಳೆ ಆತ ಇದು ನನ್ನ ರುಜುವಲ್ಲ ಎನ್ನಬಾರದು ಎಂಬುದೇ ಉದ್ದೇಶ. ಬೆರಳಚ್ಚು ಹುಟ್ಟಿನಿಂದಲೇ ಬರೆದುಕೊಟ್ಟವನ ಬಾಯಿ ಕಟ್ಟುವ ಸಾಧನ. ನೋಂದಣಿ ಕಚೇರಿಯಲ್ಲಿ ಅಧಿಕಾರಿಯ ಎದುರು ಒತ್ತಿಸಿಕೊಂಡಾಗ ಅದಕ್ಕೊಂದು ರಕ್ಷಣೆಯ ಮುಖವೂ ಬಂತು. 2023ರಲ್ಲಿ ಬೆಂಗಳೂರಿನಲ್ಲಿ ಬೆಳಕಿಗೆ ಬಂದ ಪ್ರಕರಣಗಳು ಆ ಮುಖವನ್ನೇ ಕಳಚಿದವು. ರಾಜ್ಯದ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿದ್ದ ಆಸ್ತಿ ಪತ್ರಗಳಿಂದ ವಂಚಕರು ಬೆರಳಚ್ಚು, ಆಧಾರ್ ಸಂಖ್ಯೆಗಳನ್ನು ಕದ್ದು, ಬೆರಳಚ್ಚಿನ ನಕಲು ತಯಾರಿಸಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಖಾತೆಗಳಿಂದ ಹಣ ತೆಗೆದರು. ಆ ವ್ಯವಸ್ಥೆಗೆ ಪಿನ್ ಬೇಡ, ಒಟಿಪಿ ಬೇಡ, ಬೆರಳು ಸಾಕು. ಹೊಲ ಮನೆ ಭದ್ರವಾಗಿರಲೆಂದು ಕೊಟ್ಟ ಗುರುತೇ ಖಾತೆ ಬರಿದು ಮಾಡುವ ಕೀಲಿಯಾಯಿತು. ಇಂಥ ಕಡೆ ಗ್ರಾಹಕನಿಗೆ ಯಾವ ಜಾಗೃತಿ ಹೇಳುತ್ತೀರಿ? ಪಾಸ್‌ವರ್ಡ್ ಬದಲಾಯಿಸಬಹುದು, ಹೆಬ್ಬೆರಳು ಬದಲಾಯಿಸಲಾಗದು.

ರಿಸರ್ವ್ ಬ್ಯಾಂಕಿಗೆ ಇದು ಹೊಳೆದಿಲ್ಲ ಎಂದರೆ ಅನ್ಯಾಯವಾಗುತ್ತದೆ. 2017ರ ಜುಲೈ 6ರ ಅದರ ಸುತ್ತೋಲೆ ಈ ನೂರೈವತ್ತು ವರ್ಷಗಳ ಎಳೆಯಲ್ಲಿ 1879ರ ಕಾಯ್ದೆಯ ಪಕ್ಕದಲ್ಲಿ ಇಡಬೇಕಾದ ದಾಖಲೆ. ಗ್ರಾಹಕ ಒಪ್ಪದ ಎಲೆಕ್ಟ್ರಾನಿಕ್ ವ್ಯವಹಾರದಲ್ಲಿ ಲೋಪ ಬ್ಯಾಂಕಿನದಾದರೆ ಗ್ರಾಹಕನಿಗೆ ನಷ್ಟವಿಲ್ಲ. ಲೋಪ ಇಬ್ಬರದೂ ಅಲ್ಲದೆ ನಡುವಿನ ವ್ಯವಸ್ಥೆಯದಾದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೆ ಆಗಲೂ ನಷ್ಟವಿಲ್ಲ. ನಾಲ್ಕರಿಂದ ಏಳು ದಿನವಾದರೆ ಖಾತೆಯ ಬಗೆಗೆ ತಕ್ಕಂತೆ 5,000ದಿಂದ 25,000 ರೂಪಾಯಿಯ ಮಿತಿ. ತಿಳಿಸಿದ ಹತ್ತು ಕೆಲಸದ ದಿನಗಳಲ್ಲಿ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, ತೊಂಬತ್ತು ದಿನಗಳಲ್ಲಿ ಇತ್ಯರ್ಥ ಮಾಡಬೇಕು. ಗ್ರಾಹಕನೇ ಹೊಣೆ ಎಂದು ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲೆ. ಕೊನೆಯ ಈ ಒಂದು ವಾಕ್ಯ ಉಳಿದೆಲ್ಲಕ್ಕಿಂತ ತೂಕದ್ದು, ಬ್ಯಾಂಕಿನ ಶಾಖೆಗಳಲ್ಲಿ ಅತಿ ಕಡಿಮೆ ಕೇಳಿಬರುವುದೂ ಇದೇ. ಕೌಂಟರಿನಲ್ಲಿ ಸಿಗುವ ಮೊದಲ ಪ್ರಶ್ನೆ ‘ಒಟಿಪಿ ಹೇಳಿದ್ರಾ?’ ಎಂಬುದು. ಹೇಳಿದೆ ಎಂದರೆ ಕಥೆ ಮುಗಿಯಿತು. ಸುತ್ತೋಲೆಯಲ್ಲೇ ಅದಕ್ಕೊಂದು ಬಾಗಿಲು ತೆರೆದಿದೆ: ಗುಪ್ತ ವಿವರವನ್ನು ತಾನೇ ಹಂಚಿಕೊಂಡ ಗ್ರಾಹಕನ ಅಜಾಗ್ರತೆಯಿಂದ ಆದ ನಷ್ಟ, ಆತ ತಿಳಿಸುವವರೆಗೂ ಆತನದೇ.

ಜನ ತಾವೇ ಒಟಿಪಿ ಕೊಟ್ಟರೆ ಬ್ಯಾಂಕ್ ಏಕೆ ತೆರಬೇಕು, ಹಾಗೆ ತೆರುತ್ತ ಹೋದರೆ ಯಾರು ತಾನೇ ಎಚ್ಚರವಾಗಿರುತ್ತಾರೆ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಉಪೇಕ್ಷಿಸುವ ಮಾತಲ್ಲ ಇದು. ಆದರೆ ಹೆಬ್ಬೆಟ್ಟು ಒತ್ತಿದ ರೈತನ ಬಗ್ಗೆಯೂ ಇದನ್ನೇ ಹೇಳಬಹುದಿತ್ತು, ಒತ್ತಿದವನು ಅವನೇ. ಒಪ್ಪಿಗೆಯ ಗುರುತು ಒಪ್ಪಿಗೆಯಲ್ಲ ಎಂದು ಕಂಡುಕೊಂಡದ್ದೇ 1879ರ ಕಾಯ್ದೆಯ ಹೆಚ್ಚುಗಾರಿಕೆ, ಅದಕ್ಕೇ ಅದು ನ್ಯಾಯಾಧೀಶನನ್ನು ಪತ್ರದ ಹಿಂದಕ್ಕೆ ಕಳಿಸಿತು. ಎಚ್ಚರದ ಮಾತಿಗೆ ಬಂದರೆ, ಖಾತೆಯ ಚಲನವಲನ ಬ್ಯಾಂಕಿಗೆ ಕಾಣುತ್ತದೆ, ಗ್ರಾಹಕನಿಗೆ ಕಾಣುವುದು ತನ್ನ ಫೋನಿನ ತೆರೆ ಮಾತ್ರ. ಇಪ್ಪತ್ತು ವರ್ಷ ಪಿಂಚಣಿ ಬಿಟ್ಟು ಬೇರೇನೂ ಆಡದ ಖಾತೆಯಿಂದ ಒಂದೇ ಮಧ್ಯಾಹ್ನ ಲಕ್ಷಗಳು ಹೊರಟರೆ ತಡೆದು ಕೇಳಬಲ್ಲವರು ಯಾರು? ನಷ್ಟ ಅವರ ಮೇಲೆ ಬಿದ್ದರೆ ತಡೆಯುವ ಯಂತ್ರವೂ ಬೇಗ ತಯಾರಾಗುತ್ತದೆ. ನಷ್ಟ ಪಿಂಚಣಿದಾರನ ಮೇಲೆ ಬಿದ್ದರೆ ಬೇಗ ತಯಾರಾಗುವುದು ಜಾಗೃತಿಯ ಜಾಹೀರಾತು. ಕೋರ್ಟುಗಳೂ ಇತ್ತ ವಾಲುತ್ತಿವೆ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆನ್‌ಲೈನ್ ವಂಚನೆಯ ಒಂದು ಪ್ರಕರಣದಲ್ಲಿ ಬ್ಯಾಂಕೇ ಹೊಣೆ ಎಂದ ಗುವಾಹಟಿ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿದು, ಇಂಥ ವ್ಯವಹಾರ ಪತ್ತೆ ಹಚ್ಚಿ ತಡೆಯುವ ತಂತ್ರಜ್ಞಾನ ಬ್ಯಾಂಕಿನ ಬಳಿಯೇ ಇದೆ ಎಂಬುದನ್ನು ನೆನಪಿಸಿತು.

ಸಾಲದ ಕಡೆಯ ಕಥೆ ಸ್ವಲ್ಪ ಬೇರೆ ದಾರಿ ಹಿಡಿದಿದೆ. ಕೊರೊನಾ ಕಾಲದಲ್ಲಿ ಮೊಬೈಲ್ ಆ್ಯಪುಗಳು ಐದು ನಿಮಿಷದಲ್ಲಿ ಸಾಲ ಕೊಟ್ಟು, ಬದಲಿಗೆ ಫೋನಿನಲ್ಲಿದ್ದ ಸಂಪರ್ಕಗಳ ಪಟ್ಟಿ, ಚಿತ್ರಗಳನ್ನು ಅಡವಾಗಿ ಎಳೆದುಕೊಂಡವು. ಕಂತು ತಪ್ಪಿದರೆ ನೆಂಟರಿಷ್ಟರಿಗೆಲ್ಲ ತಿರುಚಿದ ಚಿತ್ರ ಹೋಗುತ್ತಿತ್ತು. ಪ್ರಾಣ ಕಳೆದುಕೊಂಡವರೂ ಇದ್ದರು. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮಗಳ ತಿರುಳು ಮತ್ತೆ ಲೆಕ್ಕವೇ: ವಾರ್ಷಿಕ ಒಟ್ಟು ವೆಚ್ಚವನ್ನು ಸಾಲಕ್ಕೆ ಮೊದಲೇ ಒಂದು ಹಾಳೆಯಲ್ಲಿ ತೋರಿಸಬೇಕು, ಹಣ ನಡುವಿನವರ ಕೈಗೆ ಹೋಗದೆ ನೇರ ಸಾಲಗಾರನ ಖಾತೆಗೆ ಬರಬೇಕು, ಮನಸ್ಸು ಬದಲಾದರೆ ನಿಗದಿತ ಅವಧಿಯೊಳಗೆ ದಂಡವಿಲ್ಲದೆ ಹಿಂದಿರುಗಿಸಲು ಬಿಡಬೇಕು, ಸಂಪರ್ಕಗಳ ಪಟ್ಟಿಗೆ ಕೈ ಹಾಕಬಾರದು. ಇದಕ್ಕೆ ಹೋಲಿಸಿದರೆ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹೊರಡಿಸಿದ ಕಿರುಸಾಲ ಮತ್ತು ಸಣ್ಣ ಸಾಲಗಳ ಸುಗ್ರೀವಾಜ್ಞೆಯ ಒತ್ತು ಶಿಕ್ಷೆಯ ಮೇಲಿತ್ತು, ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು. ಬಾಗಿಲಲ್ಲಿ ಕೂತು ಹೀನಾಯ ಮಾತಾಡುವವನಿಗೆ ಕಾನೂನಿನ ಭಯ ಬೇಕೇ ಬೇಕು. ಆದರೆ 1961ರ ನಮ್ಮ ಲೇವಾದೇವಿದಾರರ ಕಾಯ್ದೆ ಲೈಸೆನ್ಸು, ಲೆಕ್ಕದ ಪುಸ್ತಕ, ಸಾಲಗಾರನಿಗೆ ತಃಖ್ತೆ ಎಲ್ಲವನ್ನೂ ಆಗಲೇ ವಿಧಿಸಿತ್ತು, 2004ರಲ್ಲಿ ವಿಪರೀತ ಬಡ್ಡಿ ನಿಷೇಧಿಸುವ ಇನ್ನೊಂದು ಕಾಯ್ದೆಯೂ ಬಂತು. ಮೀಟರ್ ಬಡ್ಡಿ ಎರಡನ್ನೂ ದಾಟಿ ನಡೆಯಿತು. ಪುಸ್ತಕ ತೆಗೆಸಿ ನೋಡುವ ಅಧಿಕಾರಿಯಿಲ್ಲದಿದ್ದರೆ ಶಿಕ್ಷೆಯ ವರ್ಷಗಳನ್ನು ಎಷ್ಟು ಏರಿಸಿದರೂ ಆರೋಪಪಟ್ಟಿಗೆ ಸಾಕ್ಷ್ಯ ಬರುವುದೆಲ್ಲಿಂದ?

ಸಣ್ಣ ಸಹಕಾರಿ ಬ್ಯಾಂಕುಗಳ ಗೋಳನ್ನೂ ಕೇಳಬೇಕು. ವಂಚನೆ ಪತ್ತೆಯ ದುಬಾರಿ ವ್ಯವಸ್ಥೆ ಕೊಳ್ಳಲಾರದ ತಾಲ್ಲೂಕು ಮಟ್ಟದ ಬ್ಯಾಂಕೊಂದು ಪ್ರತಿ ವಂಚನೆಗೂ ತೆರುತ್ತ ಹೋದರೆ ಅದರ ಉಳಿದ ಸದಸ್ಯರ ಠೇವಣಿಗೇ ಸಂಚಕಾರ. ಇದು ದಿಟವಾದ ತೊಡಕು, ಪೂರ್ತಿ ಉತ್ತರ ನನ್ನಲ್ಲೂ ಇಲ್ಲ. ಬ್ರಿಟನ್ ಹಿಡಿದ ದಾರಿ ಮಾತ್ರ ಯೋಚನೆಗೆ ಯೋಗ್ಯವಾಗಿದೆ. 2024ರ ಅಕ್ಟೋಬರ್ 7ರಿಂದ ಅಲ್ಲಿ, ಮೋಸದ ಮಾತಿಗೆ ಮರುಳಾಗಿ ಗ್ರಾಹಕ ತಾನೇ ಕಳಿಸಿದ ಹಣಕ್ಕೂ 85,000 ಪೌಂಡಿನವರೆಗೆ ಪರಿಹಾರ ಕಡ್ಡಾಯ. ತೀರಾ ಬೇಜವಾಬ್ದಾರಿ ತೋರಿದವರಿಗೆ ಪರಿಹಾರವಿಲ್ಲ, ಆದರೆ ಆ ಬೇಜವಾಬ್ದಾರಿಯನ್ನು ಸಾಬೀತು ಮಾಡಬೇಕಾದ್ದು ಬ್ಯಾಂಕ್. ಪರಿಹಾರದ ಅರ್ಧ ಹಣ ಕಳಿಸಿದ ಬ್ಯಾಂಕಿನದು, ಉಳಿದರ್ಧ ಹಣ ಪಡೆದ ಬ್ಯಾಂಕಿನದು. ವಂಚಕನಿಗೂ ಎಲ್ಲೋ ಒಂದು ಬ್ಯಾಂಕ್ ಖಾತೆ ತೆರೆದುಕೊಟ್ಟಿರುತ್ತದೆ, ಅದರ ಗುರುತಿನ ಕಾಗದ ತಪಾಸಿಸಿದ್ದೇನೆಂದು ಸಹಿ ಹಾಕಿರುತ್ತದೆ. ನಮ್ಮಲ್ಲಿ ಬಾಡಿಗೆಗೆ ಸಿಗುವ ಇಂಥ ಖಾತೆಗಳ ಮೂಲಕವೇ ವಂಚನೆಯ ಹಣ ಗಂಟೆಯೊಳಗೆ ಹತ್ತು ಕಡೆ ಹರಿದುಹೋಗುತ್ತದೆ, 1930 ಸಹಾಯವಾಣಿಗೆ ಕರೆ ಮಾಡುವ ಹೊತ್ತಿಗೆ ಬೆನ್ನಟ್ಟಲು ಉಳಿಯುವುದು ಕೊನೆಯ ತುಣುಕು. 2017ರ ಸುತ್ತೋಲೆ ಹೊಣೆ ಹಂಚುವಾಗ ಗ್ರಾಹಕ ಮತ್ತು ಆತನ ಬ್ಯಾಂಕ್ ಈ ಇಬ್ಬರನ್ನೇ ಎದುರು ಬದುರು ನಿಲ್ಲಿಸಿದೆ. ಹಣ ಹೋಗಿ ಸೇರಿದ ಖಾತೆಯನ್ನು ತೆರೆದುಕೊಟ್ಟ ಬ್ಯಾಂಕಿಗೆ ಅದರಲ್ಲಿ ಪಾಲಿಲ್ಲ.